ಹೊಗೆ ಹಿಡಿದ ಗಡಿಯಾರ

2008ರ ಅಕ್ಟೋಬರ್ 2, ಗುರುವಾರ, ಸಾರ್ವಜನಿಕ ಸ್ಥಳಗಳಲ್ಲಿ ಬೀಡಿ, ಸಿಗರೇಟು ಸೇದುವುದರ ಮೇಲಿನ ನಿಷೇಧ ದೇಶದಾದ್ಯಂತ ಜಾರಿಗೆ ಬಂತು. ಅಂದು ಗಾಂಧಿ ಜಯಂತಿಯಾದ್ದರಿಂದ ಬಾರುಗಳು ಮುಚ್ಚಿದ್ದವು. ನಮ್ಮ ಭಾಗದಲ್ಲಿ ರಂಜಾನ್ ಹಬ್ಬವೂ ಅಂದೇ ಬಂತು.

ಈ ಮೂರನ್ನೂ ನಾನು ಮೂರು ಬೇರೆ ಬೇರೆ ಸುದ್ದಿಗಳಾಗಿ ಬರೆದು ಪತ್ರಿಕೆಗೆ ಕಳಿಸಿದ್ದೆ. ಮೂರೂ ಒಂದೇ ದಿನ ಬಂದು ನನ್ನ ಸ್ನೇಹಿತ ದಾವಲಸಾಬನಿಗೆ ಏನಾಯಿತು ಎಂಬ ನಾಲ್ಕನೆಯ ಸುದ್ದಿಯನ್ನು ಮಾತ್ರ ಕಳಿಸಿರಲಿಲ್ಲ. ಅದು ಈಗ ನೆನಪಾಗಲು ಕಾರಣ ನಮ್ಮ ಮನೆಯ ಗೋಡೆ ಗಡಿಯಾರ. ಮೊನ್ನೆ ಅದು ನಿಂತುಹೋಯಿತು. ಸೆಲ್ ಬದಲಿಸಲು ಕೆಳಗಿಳಿಸಿದರೆ ಹಿಂದಿನ ಗೋಡೆಯ ಮೇಲೆ ತಟ್ಟೆಯಗಲದ ಬಿಳಿ ವೃತ್ತ ಕಂಡಿತು. ನಮ್ಮ ಗೋಡೆ ಬಿಳಿಯದೇ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹೆಂಡತಿ ಅದನ್ನು ನೋಡಿ, "ಸುಣ್ಣಾ ಬಣ್ಣಾ ಅಂತ ನಾ ಹೇಳಿದ್ರ ಕಿವಿ ಮ್ಯಾಲ ಹಾಕ್ಕೊಳ್ಳಿಲ್ಲ. ಈಗ ಗಡಿಯಾರನ ಹೇಳಾಕತ್ತೇತಿ, ಕೇಳ್ರಿ" ಅಂದಳು. ನಾನು ಸೆಲ್ ಹಾಕಿ, ಗಡಿಯಾರವನ್ನು ಬೇಗ ಅದರ ಜಾಗಕ್ಕೆ ಏರಿಸಿದೆ. ಸಾಕ್ಷ್ಯವನ್ನು ಮುಚ್ಚುವುದು ನನ್ನ ವೃತ್ತಿಗೆ ಒಪ್ಪುವ ಕೆಲಸವಲ್ಲ. ಆದರೆ ಮನೆಯೊಳಗೆ ನಾನು ವರದಿಗಾರನಲ್ಲ.

ಶಿಗ್ಗಾವಿಯಲ್ಲಿ ಮನೆ ಮಾಡಿಕೊಂಡು, ಹಾನಗಲ್ಲ, ಸವಣೂರು, ಹಿರೇಕೆರೂರುಗಳನ್ನು ಬಸ್ಸಿನಲ್ಲಿ ಸುತ್ತಿ ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವುದು ನನ್ನ ಕೆಲಸವಾಗಿತ್ತು. ಓದಿದ್ದು ಸವಣೂರಿನಲ್ಲಿ. ಅಲ್ಲಿ ನನ್ನ ಪಕ್ಕದ ಮಣೆಯಲ್ಲಿ ಕೂರುತ್ತಿದ್ದವನು ದಾವಲಸಾಬ್. ಅವರದು ಕಲಾಯಿ ಹಾಕುವ ಮನೆತನ. ಕಲಾಯಿ ಎಂದರೆ ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರದ ಲೇಪ ಕೊಡುವುದು. ಸ್ಟೀಲು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಬೀದಿಯ ತಿರುವಿನಲ್ಲಿ ನೆಲಕ್ಕೆ ಕುಳಿ ತೋಡಿ, ತಿದಿ ಊದಿ, ಕೆಂಪಗೆ ಕಾದ ಪಾತ್ರೆಯೊಳಗೆ ದಾವಲನ ಅಪ್ಪ ನವಸಾಗರದ ಪುಡಿ ಚೆಲ್ಲುತ್ತಿದ್ದ. ಬಿಳಿ ಹೊಗೆ ಏಳುತ್ತಿತ್ತು. ಆ ಘಾಟಿಗೆ ನಾವೆಲ್ಲ ಕೆಮ್ಮುತ್ತ ಅಲ್ಲೇ ನಿಲ್ಲುತ್ತಿದ್ದೆವು. ಆಮೇಲೆ ಅರಳೆಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆಯೊಳಗೆ ಬೆಳ್ಳಿ ಬರುತ್ತಿತ್ತು. ಅದನ್ನು ಅವನು ನಮ್ಮವ್ವನ ಮುಖದ ಮುಂದೆ ಹಿಡಿದು, "ಮಾರಿ ನೋಡ್ಕೋರಿ ಅಕ್ಕಾರ, ಆಮ್ಯಾಲ ಒಯ್ರಿ" ಎನ್ನುತ್ತಿದ್ದ. ಅವ್ವ ಬಗ್ಗಿ ಮುಖ ನೋಡಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿದ್ದ ಕನ್ನಡಿಗಿಂತ ಆ ಪಾತ್ರೆಯಲ್ಲಿ ಅವಳು ಚೆಂದ ಕಾಣುತ್ತಿದ್ದಳು ಎಂದು ಆಗ ನನಗನ್ನಿಸುತ್ತಿತ್ತು.

ಸ್ಟೀಲು ಬಂತು, ಕಲಾಯಿ ಹೋಯಿತು. ಅಪ್ಪನೂ ಹೋದ. ದಾವಲ ಪೇಂಟರುಗಳ ಕೈಕೆಳಗೆ ಗೋಡೆ ಉಜ್ಜುವ ಕೆಲಸಕ್ಕೆ ಸೇರಿದ. ಅವನ ಚಿಕ್ಕಪ್ಪ, ದೊಡ್ಡಪ್ಪಂದಿರ ಮಕ್ಕಳು ಹುಬ್ಬಳ್ಳಿ, ಗೋವಾ ಎಂದು ಚೆದುರಿದರು. ಬಂಕಾಪುರದಲ್ಲಿ ಒಬ್ಬ ಸೋದರಮಾವ ಮಾತ್ರ ಉಳಿದ.

ಆ ವರ್ಷದ ಬೇಸಿಗೆಯಲ್ಲಿ ಧೂಮಪಾನ ನಿಷೇಧದ ಸುದ್ದಿ ಬಂದಾಗ ದಾವಲ ಅದನ್ನು ನನಗಿಂತ ಗಮನವಿಟ್ಟು ಓದಿದ. ಶಿಗ್ಗಾವಿಗೆ ಬಂದು ನನ್ನ ಮೇಜಿನ ಮುಂದೆ ಕೂತ. "ಸೇದೂದು ಬಂದ್ ಆಗ್ತೈತಿ ಅಂತ ಬರದೀದಿ. ಸೇದಿದ್ದು ಎಲ್ಲಿ ಹೋಗ್ತೈತಿ?"

"ಅಂದ್ರ?"

"ಬಾರಿನ ಗೋಡ್ಯಾಗ, ಫ್ಯಾನಿನ ಮ್ಯಾಲ, ಪರದೇದಾಗ ಇಷ್ಟು ವರ್ಷದ ಹೊಗಿ ಕುಂತೈತಿ. ಅದನ್ನ ಯಾರರ ತಗೀಬೇಕಲ್ಲೋ. ಪೇಂಟರ್ ಅದರ ಮ್ಯಾಲ ಬಣ್ಣಾ ಬಳೀತಾನ. ಒಂದ ಮಳಿಗಾಲದಾಗ ಹಳದಿ ಮತ್ತ ಹೊರಗ ಬರ್ತೈತಿ. ನಾ ತೊಳಕೊಡ್ತೇನಿ. ಸೋಡಾ, ಅಂಟವಾಳ, ಬಿಸಿನೀರು. ಇನ್ನೊಬ್ಬರ ಕೈಯಾಗ ಸಾಕಾತು. ನಂದ ಒಂದು ಬೋರ್ಡ್ ಇರ್ಲಿ."

ಬಾರುಗಳಿಗೆ ಹೋಗಿ ಕೆಲಸ ಕೇಳಬೇಕು, ಅದಕ್ಕೊಂದು ಹ್ಯಾಂಡ್‌ಬಿಲ್ ಬೇಕು ಎಂದ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಓದಿದೆ: "ಶಿಗ್ಗಾವಿ, ಹಾನಗಲ್ಲ, ಸವಣೂರು ಮತ್ತು ಹಿರೇಕೆರೂರಿನ ಬಾರುಗಳ ಗೋಡೆಗಳು ಹೊಗೆಯಿಂದ ಹಳದಿಗಟ್ಟಿವೆ ಎನ್ನಲಾಗಿದೆ. ಇವುಗಳನ್ನು ಸ್ವಚ್ಛಗೊಳಿಸಲು ಸವಣೂರಿನ ದಾವಲಸಾಬ್ ಎಂಬವರು ಮುಂದಾಗಿದ್ದಾರೆ. ಈ ಬಗ್ಗೆ ಬಾರ್ ಮಾಲೀಕರ ಪ್ರತಿಕ್ರಿಯೆ ಲಭ್ಯವಾಗಿಲ್ಲ."

ದಾವಲ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಇದನ್ನ ಓದಿದವ್ರು ನನ್ನ ಪೊಲೀಸರು ಹಿಡದಾರ ಅಂತ ತಿಳೀತಾರ" ಎಂದ.

"ಇದ್ದದ್ದು ಇದ್ದಂಗ ಐತಿ."

"ಎಂಬವರು ಅಂದ್ರ ಏನೋ? ನಾ ನಿನ್ನ ದೋಸ್ತ ಅದೇನಿ."

ಎಂಬವರನ್ನು ತೆಗೆದೆ. ಎನ್ನಲಾಗಿದೆಯನ್ನು ತೆಗೆಯಲು ಮನಸ್ಸು ಬರಲಿಲ್ಲ. ಕೊನೆಗೆ ಅವನೇ ಹೇಳಿದ್ದನ್ನು ಅಚ್ಚು ಹಾಕಿಸಿದೆವು: "ಹೊಗೆ ನಿಮ್ಮದು, ತೊಳೆಯುವುದು ನಮ್ಮದು." ಅದು ನನ್ನ ಮೂರು ವಾಕ್ಯಗಳಿಗಿಂತ ಚೆನ್ನಾಗಿತ್ತು ಎಂದು ಪ್ರೆಸ್ಸಿನವನೂ ಹೇಳಿದ. ನಾನು ಕೇಳಿರಲಿಲ್ಲ.

ಅಡ್ಡಿ ಬಂದದ್ದು ದಾವಲನ ಅವ್ವ ಖಾತೂನಬಿಯಿಂದ. ಸಣ್ಣ ದೇಹ, ತೀರ ದಪ್ಪ ಕನ್ನಡಕ, ಸಣ್ಣ ಧ್ವನಿ. ಆ ಧ್ವನಿಯನ್ನು ಮೀರಿ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ರಂಜಾನ್ ತಿಂಗಳು ಶುರುವಾದ ದಿನಗಳು. ಅವಳು ಅಕ್ಕಿ ಆರಿಸುತ್ತ ಕೇಳಿದಳು: "ದಾರೂ ಮಾರೋ ಮನಿಗೆ ಹೋಗ್ತೀಯೇನು? ಆ ಹೊಸ್ತಿಲಾ ದಾಟಿದ್ರ ಈ ಹೊಸ್ತಿಲಾ ದಾಟಬ್ಯಾಡ."

ಅವಳು ಬೆದರಿಸುವ ಪೈಕಿ ಅಲ್ಲ. ಗಂಡನೊಡನೆ ಒಮ್ಮೆ ಇಂಥದೇ ಮಾತಾಡಿ ಒಂದು ಇಡೀ ಮಳೆಗಾಲ ತವರಿನಲ್ಲಿದ್ದವಳು. ಇದು ದಾವಲನಿಗೂ ಗೊತ್ತು, ನನಗೂ ಗೊತ್ತು. ಅವನಿಗೆ ಬೋರ್ಡೂ ಬೇಕು, ಅವ್ವನೂ ಬೇಕು.

"ಅವ್ವ, ಮಾರೋವಾಗ ಅದು ದಾರೂ ಅಂಗಡಿ. ಮಾರದ ದಿನ?" ಎಂದ.

ಖಾತೂನಬಿ ಅಕ್ಕಿಯಿಂದ ಕೈ ತೆಗೆಯಲಿಲ್ಲ. "ಮಾರದ ದಿನಾನೂ ಇರ್ತೈತೇನು?"

ಇಬ್ಬರೂ ನನ್ನತ್ತ ನೋಡಿದರು. "ಅಕ್ಟೋಬರ್ ಎರಡು. ಗಾಂಧಿ ಜಯಂತಿ. ಸೀಸೆ ಎಲ್ಲಾ ಕೀಲಿ ಹಾಕಿ ಇಡ್ತಾರ" ಎಂದೆ. "ಸೇದೂದು ಬಂದ್ ಆಗೂದೂ ಅವತ್ತ."

"ಪೇಪರಿನಪ್ಪಾ, ಖರೇನ?"

"ಖರೇ."

ಅವಳು ಒಂದು ಕಲ್ಲು ಆರಿಸಿ ಹೊರಗೆಸೆದಳು. "ಮಾರದ ದಿನ ಅದು ಬರೇ ನಾಕ ಗೋಡಿ. ಅವತ್ತ ಒಂದ ದಿನ ಹೋಗು. ಅದಕ್ಕಿಂತ ಮೊದಲ ಒಳಗ ಕಾಲಿಟ್ಟೀದಿ ಅಂತ ಕೇಳಿದ್ರ, ನಾ ಹೇಳಿದ್ದು ಹೇಳೇನಿ."

ಹೀಗೆ ನಮ್ಮ ವ್ಯಾಪಾರಕ್ಕೆ ಒಂದು ವಿಚಿತ್ರ ಕಟ್ಟಳೆ ಬಿತ್ತು. ಬಾರು ತೊಳೆಯುವವನು ಬಾರಿನೊಳಗೆ ಬರುವಂತಿಲ್ಲ. ಮೊದಲೇ ಹೋಗಿ ಮಾಲೀಕನನ್ನು ಒಪ್ಪಿಸುವವರು ಯಾರು? ನಾನೇ.

ಮೊದಲು ಹಿರೇಕೆರೂರಿಗೆ ಹೋದೆವು. ಅದು ನಾಲ್ಕರಲ್ಲಿ ಸವಣೂರಿಗೆ ತೀರ ದೂರ. ರೋಜಾ ಹಿಡಿದವನು ಬಾರಿನೆದುರು ನಿಂತದ್ದನ್ನು ನೋಡಿ ಊರಿಗೆ ಸುದ್ದಿ ಒಯ್ಯುವವರು ಕಡಿಮೆ. ದಾವಲ ರಸ್ತೆಯಾಚೆಯ ಪಾನಂಗಡಿಯ ನೆರಳಿನಲ್ಲಿ ನಿಂತ. ಕೈಯಲ್ಲಿ ಬಕೆಟ್ಟು. ಉಪವಾಸ, ಬಿಸಿಲು, ಮುಂದೆ ಬಾರು, ಹಿಂದೆ ಚಹಾದಂಗಡಿ. ಅವನ ಮುಖ ನೋಡಿ ಪಾನಂಗಡಿಯವನು, "ಯಾರರ ಒಳಗ ಅದಾರೇನ್ರಿ, ಕರೀಲಿ?" ಎಂದು ಕನಿಕರದಿಂದ ಕೇಳಿದನಂತೆ.

ಮಾಲೀಕ ಚನ್ನಬಸಪ್ಪ ಹಣೆಯ ತುಂಬ ವಿಭೂತಿ ಧರಿಸಿದ, ಹಾಲು ಕುಡಿದು ಮಲಗುವ ಮನುಷ್ಯ. ಅವನ ಬಾರಿನಲ್ಲಿ ಹಗಲೂ ದೀಪ ಬೇಕು. ಬಿಳಿ ಗೋಡೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಗಲ್ಲೆಯ ಮೇಲಿನ ದೇವರ ಪಟಗಳಲ್ಲಿ ಯಾರು ಯಾರೆಂದು ಹೇಳುವಂತಿರಲಿಲ್ಲ. ಊದುಬತ್ತಿ ಮಾತ್ರ ಎಲ್ಲರಿಗೂ ಹಚ್ಚಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತ.

"ಏನ್ ಸುದ್ದಿ ಮಾಡಾಕ ಬಂದ್ರಿ?"

"ಸುದ್ದಿಗೆ ಬಂದಿಲ್ಲ. ಗೋಡಿ ತೊಳಿಯೂದರ ಬಗ್ಗೆ ಮಾತಾಡಾಕ ಬಂದೇನಿ."

ಅವನಿಗೆ ಇದು ಸುದ್ದಿಗಿಂತ ಹೆಚ್ಚು ಅಂಜಿಕೆಯ ವಿಷಯ ಅನ್ನಿಸಿರಬೇಕು. "ಪೇಪರ್ ಬಿಟ್ರೇನ್ರಿ?" ಎಂದು ದನಿ ಇಳಿಸಿ ಕೇಳಿದ. ನಾನು ಹ್ಯಾಂಡ್‌ಬಿಲ್ ಕೊಟ್ಟೆ. ಓದಿ ಮಡಚಿ ಗಲ್ಲೆಯ ಮೇಲಿಟ್ಟ. "ಕುಡಿಯಾಕ ಬಂದವ ಗೋಡಿ ನೋಡ್ತಾನೇನ್ರಿ? ಗೋಡಿ ಕಾಣಬಾರದು ಅಂತನ ಅವ ಬಂದಿರ್ತಾನ."

ಆ ಕ್ಷಣದಲ್ಲಿ ನನಗೊಂದು ಮಾತು ಹೊಳೆಯಿತು. ಈಗಲೂ ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯಿದೆ. "ಅಕ್ಟೋಬರ್ ಮೂರಕ್ಕ ಯಾರರ ಸಾಹೇಬ್ರು ತಪಾಸಣಿಗೆ ಬರ್ತಾರ. ಒಳಗ ಬಂದು ಮೂಗು ಏರಸ್ತಾರ. ಇದು ಹಳೇ ಹೊಗಿ, ಇವತ್ತಿಂದಲ್ಲ ಅಂತ ನೀವು ಹೆಂಗ ಹೇಳ್ತೀರಿ?"

ಚನ್ನಬಸಪ್ಪ ಉಸಿರೆಳೆದು ನೋಡಿದ. ತನ್ನ ಬಾರಿನ ವಾಸನೆಯನ್ನು ಅವನು ಮೊದಲ ಬಾರಿ ಮೂಸಿದನೇನೋ. ಆದರೂ ಪೂರ್ತಿ ಒಪ್ಪಲಿಲ್ಲ. "ತೊಳದ್ರ ಹೋಗ್ತೈತಿ ಅಂತ ಏನ್ ಗ್ಯಾರಂಟಿ?"

ಗೋಡೆಯನ್ನು ಹೊರಗೆ ಒಯ್ಯಲಾಗದು. ಮೇಲೆ ನೋಡಿದೆ. ದುಂಡನೆಯ ಗೋಡೆ ಗಡಿಯಾರವೊಂದು ಹಳದಿ ಮುಖ ಹೊತ್ತು ನಡೆಯುತ್ತಿತ್ತು. "ಆ ಗಡಿಯಾರ ಕೊಡ್ರಿ, ಹತ್ತು ನಿಮಿಷ."

ಮೂಲೆಯಲ್ಲಿ ಕೂತ ಗಿರಾಕಿಯೊಬ್ಬ ತಕರಾರು ತೆಗೆದ. "ಗಡಿಯಾರ ಒಯ್ದ್ರ ನಾ ಮನಿಗೆ ಯಾವಾಗ ಹೋಗ್ಬೇಕು ಅಂತ ಹೆಂಗ ತಿಳೀಬೇಕು?"

"ಇದ್ದಾಗರ ತಿಳಕೊಂಡು ಯಾವಾಗ ಹೋಗೀಯಪಾ?" ಎಂದು ಚನ್ನಬಸಪ್ಪ ಸ್ಟೂಲು ಹತ್ತಿ ಗಡಿಯಾರ ಇಳಿಸಿದ.

ಅದನ್ನೆತ್ತಿಕೊಂಡು ರಸ್ತೆ ದಾಟಿದೆ. ದಾವಲ ಪಾನಂಗಡಿಯ ಕಟ್ಟೆಯ ಮೇಲೆ ಅದನ್ನು ಮಲಗಿಸಿ, ಬಟ್ಟೆ ಅದ್ದಿ, ಹನ್ನೆರಡರಿಂದ ಆರರವರೆಗೆ ಗಾಜನ್ನು ಒರೆಸಿದ. ಅಲ್ಲಿಗೆ ನಿಲ್ಲಿಸಿದ. ಪೂರ್ತಿ ಮಾಡು ಅಂದೆ. "ಪೂರ್ತಿ ತೊಳದ್ರ ಮೊದಲ ಹೆಂಗಿತ್ತು ಅನ್ನೂದು ಅವಗ ಮರತಹೋಗ್ತೈತಿ" ಎಂದ. ವಾಪಸು ಒಯ್ದು ತೂಗುಹಾಕಿದೆ. ಬಲ ಅರ್ಧ ಹಾಲಿನ ಬಿಳಿ, ಎಡ ಅರ್ಧ ಬೆಲ್ಲದ ಬಣ್ಣ.

ಚನ್ನಬಸಪ್ಪ ಬಹಳ ಹೊತ್ತು ನೋಡಿದ. "ಇದು ಬಿಳೀದಿತ್ತೇನ್ರಿ?" ಎಂದ. ಆಮೇಲೆ ಗೋಡೆ ನೋಡಿದ, ದೇವರ ಪಟ ನೋಡಿದ, ಕೈಯಿಂದ ಹಣೆ ಮುಟ್ಟಿಕೊಂಡ. "ಯಾವತ್ತ ಬರ್ತಾನ ನಿಮ್ಮ ಮನಶ್ಯಾ?"

"ಎರಡನೇ ತಾರೀಕಿಗೆ."

ಉಳಿದ ಮೂರು ಊರುಗಳಲ್ಲಿ ನಾನು ಮಾತು ಕಡಿಮೆ ಮಾಡಿ, ನೇರ ಗಡಿಯಾರಕ್ಕೇ ಕೈ ಹಾಕಿದೆ. ಹಾನಗಲ್ಲಿನಲ್ಲಿ ಗಡಿಯಾರವಿರಲಿಲ್ಲ, ಒಂದು ಫ್ಯಾನಿನ ರೆಕ್ಕೆ ಬಿಚ್ಚಿಸಿಕೊಂಡೆ. ಸವಣೂರಿನಲ್ಲಿ ದಾವಲ ಬಾರಿನ ಬೀದಿಗೇ ಬರಲಿಲ್ಲ. ಬಾರಿನ ಒಳಗೋಡೆಯ ಸನ್‌ಮೈಕಾ ಬೋರ್ಡನ್ನು ಸೈಕಲ್ಲಿನ ಮೇಲೆ ದಾವಲನ ಮನೆಗೆ ಒಯ್ದು, ಅರ್ಧ ತೊಳೆಸಿ ತಂದೆ. ದಾರಿಯಲ್ಲಿ ಸಿಕ್ಕ ಹಳೆಯ ಮಾಸ್ತರರು, "ಬಾರ್ ಅಂಡ್ ರೆಸ್ಟೋರೆಂಟ್" ಎಂಬ ಹಲಗೆಯನ್ನು ತಬ್ಬಿಕೊಂಡ ನನ್ನನ್ನು ನೋಡಿ, ಮುಖ ಬೇರೆ ಕಡೆ ತಿರುಗಿಸಿದರು. ನಾಲ್ಕು ಬಾರುಗಳೂ ಒಪ್ಪಿದವು. ನಾಲ್ಕೂ ಎರಡನೇ ತಾರೀಕಿಗೆ. ಬೇರೆ ದಿನವೇ ಇರಲಿಲ್ಲ.

ಒಬ್ಬ ಮನುಷ್ಯ ಒಂದು ದಿನದಲ್ಲಿ ನಾಲ್ಕು ಊರು ಹೇಗೆ ತೊಳೆಯುತ್ತಾನೆ ಎಂದು ನಾವು ಯೋಚಿಸಲಿಲ್ಲವೆಂದಲ್ಲ. ಯೋಚನೆ ಹೀಗಿತ್ತು: ಸವಣೂರಿನ ಪೇಂಟರುಗಳಲ್ಲಿ ದಾವಲನ ಗೆಳೆಯರಿದ್ದಾರೆ, ಎಲ್ಲರೂ ರೋಜಾದವರು, ಒಂದನೇ ತಾರೀಕು ಹಬ್ಬ ಮುಗಿಸಿ ಎರಡಕ್ಕೆ ಕೆಲಸಕ್ಕೆ ಬರುತ್ತಾರೆ. ಹಬ್ಬ ಒಂದಕ್ಕೇ ಎಂದು ದಾವಲ ಅಷ್ಟು ಖಚಿತವಾಗಿ ಹೇಳಿದ್ದ. ಕ್ಯಾಲೆಂಡರಿನಲ್ಲಿ ಎರಡು ಎಂದಿದ್ದರೂ ನಾನು ಅವನ ಮಾತನ್ನೇ ನಂಬಿದೆ. ಚಂದ್ರನ ವಿಷಯದಲ್ಲಿ ಅವನು ನನಗಿಂತ ಅನುಭವಿ. ಖಾತೂನಬಿ ಮಾತ್ರ, "ಚಂದ್ರ ನಿಮ್ಮ ಬಾರಿಗೆ ತೊಳ್ಯಾಕ ಬರ್ತಾನೇನು, ಹೇಳಿದ ದಿನ ಬರಾಕ?" ಎಂದಿದ್ದಳು.

ಮಂಗಳವಾರ ಸಂಜೆ ಸವಣೂರಿನ ಮಾಳಿಗೆಗಳ ಮೇಲೆಲ್ಲ ಜನ. ನಾನೂ ಸುದ್ದಿಗೆಂದು ದಾವಲನ ಮನೆಯ ಮಾಳಿಗೆ ಹತ್ತಿದ್ದೆ. ಪಡುವಣದಲ್ಲಿ ಮೋಡ. ಕತ್ತಲಾಯಿತು. ಚಂದ್ರ ಕಾಣಲಿಲ್ಲ. ಬೇರೆ ಊರುಗಳಿಂದಲೂ ಕಂಡ ಸುದ್ದಿ ಬರಲಿಲ್ಲ. "ರಂಜಾನ್ ಹಬ್ಬ ಗುರುವಾರ" ಎಂದು ನಾನೇ ಫೋನಿನಲ್ಲಿ ಸುದ್ದಿ ಕೊಟ್ಟೆ. ದಾವಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.

ಬುಧವಾರ ಬೆಳಿಗ್ಗೆ ಪೇಂಟರ್ ಗೆಳೆಯರು ಒಬ್ಬೊಬ್ಬರೇ ಬರಲಾಗದೆಂದರು. ಹಬ್ಬದ ದಿನ ಯಾರು ಬರುತ್ತಾರೆ? ಹಾನಗಲ್ಲಿನ ಮಾಲೀಕನಿಗೆ ನಾನು ಫೋನು ಮಾಡಿದೆ. ಅವನು ಒಳ್ಳೆಯ ಮನಸ್ಸಿನಿಂದಲೇ, "ಹಬ್ಬಾ ಮಾಡಾಕ ಹೇಳ್ರಿ ಪಾಪ. ನಾ ಪೇಂಟರ್‌ಗ ಹೇಳ್ತೇನಿ, ಬಣ್ಣಾ ಹೊಡೀತಾನ" ಎಂದ. ಒಬ್ಬ ಬಣ್ಣಕ್ಕೆ ಹೋದರೆ ನಾಲ್ವರೂ ಹೋಗುತ್ತಾರೆ. ಮುಂದಿನ ಮಾರದ ದಿನ ಯಾವಾಗ ಬರುವುದೋ. ಅಷ್ಟರಲ್ಲಿ ತೊಳೆಯುವ ಮಾತೇ ಹಳತಾಗಿರುತ್ತದೆ. ಸಂಜೆಯೊಳಗೆ ಹೇಳುತ್ತೇನೆ ಎಂದು ಫೋನಿಟ್ಟೆ. ದಾವಲ ಜಗುಲಿಯಲ್ಲಿ ಕೂತು ಹ್ಯಾಂಡ್‌ಬಿಲ್ಲುಗಳನ್ನು ಸಮ ಮಾಡಿ ಜೋಡಿಸುತ್ತಿದ್ದ.

ಒಳಗಿಂದ ಖಾತೂನಬಿ ಕೇಳಿದಳು: "ನಾಳೆ ನಮ್ಮ ಮನಿಗೆ ಯಾರ್ಯಾರು ಬರ್ತಾರ?"

ದಾವಲ ಹೇಳುತ್ತ ಹೋದ. ಹುಬ್ಬಳ್ಳಿಯ ಚಿಕ್ಕಪ್ಪನ ಮಕ್ಕಳು, ಗೋವಾದಿಂದ ಬಂದಿಳಿದ ದೊಡ್ಡಪ್ಪನ ಮನೆಯವರು, ಬಂಕಾಪುರದ ಮಾವ, ಅವನ ಅಳಿಯಂದಿರು.

"ಎಲ್ಲಾರೂ ಕಲಾಯಿ ಮಾಡಿದ ಕೈಗೋಳ. ನಮಾಜ್ ಮುಗಸಿ, ಸುರಕುಂಬಾ ಕುಡದು ಏನ್ ಮಾಡ್ತಾರ?"

"ಮಲಗ್ತಾರ."

"ನಾಳೆ ಮಲಗೂದು ಬ್ಯಾಡ ಅಂತ ಹೇಳು. ರೋಜಾದಾಗ ಕೊಟ್ಟ ಮಾತು ಐತಿ." ಸ್ವಲ್ಪ ತಡೆದು, "ನನಗೂ ಹಿರೇಕೆರೂರಿಗೆ ಮಗಳ ಮನಿಗೆ ಹೋಗೂದೈತಿ. ಟೆಂಪೋ ಮಾಡು" ಎಂದಳು.

ಯಾವ ಹಬ್ಬ ಕೆಲಸ ಕೆಡಿಸಿತೆಂದು ನಾವು ಕೂತಿದ್ದೆವೋ, ಆ ಹಬ್ಬವೇ ಚೆದುರಿದ ಕೈಗಳನ್ನೆಲ್ಲ ಒಂದು ಮನೆಗೆ ತಂದು ಕೂರಿಸಿತ್ತು. ನಾನು ಹಾನಗಲ್ಲಿಗೆ ಮತ್ತೆ ಫೋನು ಮಾಡಿದೆ.

ಗುರುವಾರ ಈದ್ಗಾದಿಂದ ಬಂದವರು ಹಾಲು ಶಾವಿಗೆಯ ಸುರಕುಂಬಾ ಕುಡಿದು, ಹೊಸ ಬಟ್ಟೆ ಬಿಚ್ಚಿ, ಹಳೆಯದು ಉಟ್ಟು ಟೆಂಪೋ ಹತ್ತಿದರು. ನಾನೂ ಹತ್ತಿದೆ. ಸವಣೂರಿನ ಬಾರಿನಲ್ಲಿ ಕೆಲವರನ್ನು ಇಳಿಸಿ ಶಿಗ್ಗಾವಿಗೆ, ಅಲ್ಲಿ ಕೆಲವರನ್ನು ಇಳಿಸಿ ಹಾನಗಲ್ಲಿಗೆ. ಬಂಕಾಪುರದ ಮಾವ ಹಾನಗಲ್ಲಿನ ಬಾಗಿಲಲ್ಲಿ ನಿಂತುಬಿಟ್ಟ. "ಪೇಪರಿನವ್ರ, ನೀವು ಮೊದಲ ಒಳಗ ಹೋಗಿ ಸೀಸೆ ಕೀಲಿ ಆಗ್ಯಾವೇನು ನೋಡ್ಕೊಂಡು ಬರ್ರಿ. ಬರದುಕೊಡಬ್ಯಾಡ್ರಿ, ಬಾಯಿಲೆ ಹೇಳಿದ್ರ ಸಾಕು." ನಾನು ನೋಡಿ ಬಂದು ಹೇಳಿದೆ. ನನ್ನ ವೃತ್ತಿಯಲ್ಲಿ ಅಷ್ಟು ನಂಬಿಕೆಯಿಂದ ನನ್ನ ಮಾತನ್ನು ಕೇಳಿದವರು ಕಡಿಮೆ. ಮಾವ ಬಲಗಾಲಿಟ್ಟು ಒಳಗೆ ಹೋದ.

ಹಿರೇಕೆರೂರು ತಲುಪಿದಾಗ ಮಧ್ಯಾಹ್ನ ಇಳಿದಿತ್ತು. ದಾವಲ ಮತ್ತು ಹುಬ್ಬಳ್ಳಿಯವರು ಒಳಗೆ ಹೋದರು. ಬಾಗಿಲು, ಕಿಟಕಿ ಎಲ್ಲ ತೆರೆಸಿದರು. ಬಕೆಟ್ಟುಗಳಿಂದ ಚಹಾದ ಬಣ್ಣದ ನೀರು ಹೊರಗೆ ಬಂದು ಗಟಾರಕ್ಕೆ ಬೀಳತೊಡಗಿತು. ಖಾತೂನಬಿ ಸುರಕುಂಬಾದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಟೆಂಪೋದ ಮುಂದಿನ ಸೀಟಿನಲ್ಲೇ ಕೂತಿದ್ದಳು. ಮಗಳ ಮನೆಗೆ ಬಿಡಿಸುತ್ತೇನೆ ಅಂದೆ. ಇಳಿಯಲಿಲ್ಲ. ಗಟಾರವನ್ನು ನೋಡುತ್ತಿದ್ದಳು.

"ಒಳಗ ಹೆಂಗ ಮಾಡಾಕತ್ತಾನ?" ಎಂದು ಕೇಳಿದಳು.

"ಚೊಲೋ ಮಾಡಾಕತ್ತಾನ. ಬಂದು ನೋಡ್ರಿ."

"ಬ್ಯಾಡ. ನನಗ ತೋರಸುವಂಥಾದ್ದು ಏನರ ಇದ್ರ ತಗೊಂಡ ಬಾ."

ನಾನು ಗಡಿಯಾರ ತಂದು ಅವಳ ಕೈಗೆ ಕೊಟ್ಟೆ. ಕನ್ನಡಕದ ಹತ್ತಿರ ಹಿಡಿದು, ಬಿಳಿ ಭಾಗದಲ್ಲಿ ತನ್ನ ಮುಖ ಹುಡುಕಿ ನೋಡಿಕೊಂಡಳು. ಆಮೇಲೆ ಹಳದಿ ಭಾಗದ ಮೇಲೆ ಉಗುರು ಎಳೆದಳು. "ಅರ್ಧಾ ಯಾಕ ಬಿಟ್ಟಾನ?"

"ಮಾಲೀಕರು ಹಂಗ ಇರ್ಲಿ ಅಂದಾರ. ಬಂದವರಿಗೆ ತೋರಸಾಕ."

"ಪಾತೇಲಿಗೆ ಅರ್ಧಾ ಕಲಾಯಿ ಹಾಕಿ ಕೊಟ್ಟಿದ್ರ ಇವರಪ್ಪನ್ನ ಊರ ಬಿಡಸ್ತಿದ್ರು" ಎಂದಳು. ಡಬ್ಬಿಯನ್ನು ನನ್ನ ಕೈಗೆ ದಾಟಿಸಿದಳು. ಸೆರಗಿನ ತುದಿಯನ್ನು ಬಕೆಟ್ಟಿನಲ್ಲಿ ಅದ್ದಿಸಿಕೊಂಡು, ಆರರ ಅಂಕಿಯಿಂದ ಒರೆಸತೊಡಗಿದಳು. ಅವಸರವಿಲ್ಲದೆ, ದುಂಡಗೆ, ಪಾತ್ರೆಯ ಒಳಮೈ ಒರೆಸಿದಂತೆ. ಏಳರ ಹತ್ತಿರ ಬರುವಾಗ ಚನ್ನಬಸಪ್ಪ ಹೊರಗೆ ಬಂದು ನೋಡಿದ.

"ಅವ್ವಾರ, ಅವ್ವಾರ, ಅಷ್ಟಕ್ಕ ಬಿಡ್ರಿ. ಕೈ ಮುಗೀತೇನಿ. ಅದನ್ನ ಹಂಗ ಇಡ್ಬೇಕಂತ ಮಾಡೇನಿ."

ಖಾತೂನಬಿ ಕೈ ನಿಲ್ಲಿಸಿ ಅವನ ಹಣೆಯ ವಿಭೂತಿ ನೋಡಿದಳು. "ನೀವೂ ದಾರೂ ಕುಡ್ಯಾಂಗಿಲ್ಲೇನ್ರಿ?"

"ಇಲ್ಲವ್ವಾರ."

"ಹಂಗಾರ ಇಬ್ರೂ ಹೊರಗ ನಿಲ್ಲವ್ರ" ಎಂದು ಗಡಿಯಾರ ಕೊಟ್ಟಳು. ಡಬ್ಬಿಯ ಮುಚ್ಚಳದಲ್ಲಿ ಸುರಕುಂಬಾ ಬಗ್ಗಿಸಿ ಅವನಿಗೂ ಕೊಟ್ಟಳು. ಅವನು ಬಾರಿನ ಮೆಟ್ಟಿಲ ಮೇಲೆ ನಿಂತೇ ಕುಡಿದ.

ಮರುದಿನದ ಪತ್ರಿಕೆಯಲ್ಲಿ ನನ್ನ ಮೂರೂ ಸುದ್ದಿಗಳು ಬಂದವು. ನಿಷೇಧದ ಸುದ್ದಿಯ ಕೊನೆಗೆ, ಬಾರುಗಳ ಮಾಲೀಕರ ಪ್ರತಿಕ್ರಿಯೆ ಲಭ್ಯವಾಗಿಲ್ಲ ಎಂದು ಡೆಸ್ಕಿನವರು ಸೇರಿಸಿದ್ದರು.

ದಾವಲನ ಬೋರ್ಡು ಸವಣೂರಿನ ಬಸ್ ನಿಲ್ದಾಣದ ಹತ್ತಿರ ಇದೆ. ಶಾಲೆ, ಕಲ್ಯಾಣ ಮಂಟಪ, ದವಾಖಾನೆಗಳನ್ನು ವರ್ಷವಿಡೀ ತೊಳೆಯುತ್ತಾನೆ. ಬಾರುಗಳನ್ನು ಮಾರದ ದಿನ ಮಾತ್ರ. ಹೀಗಾಗಿ ಚುನಾವಣೆ ಘೋಷಣೆಯಾದರೆ ಅಭ್ಯರ್ಥಿಗಳಿಗಿಂತ ಮೊದಲು ಅವನ ಫೋನು ಬರುತ್ತದೆ. "ಯಾವಾಗಿಂದ ಬಂದ್?" ಎಂದಷ್ಟೇ ಕೇಳುತ್ತಾನೆ. ಯಾರು ನಿಂತಿದ್ದಾರೆ ಎಂದು ಕೇಳುವುದಿಲ್ಲ.

ಕಳೆದ ತಿಂಗಳು ಹಿರೇಕೆರೂರಿಗೆ ಹೋಗಿದ್ದೆ. ಚನ್ನಬಸಪ್ಪನ ಮಗ ಗಲ್ಲೆಯಲ್ಲಿದ್ದ. ಗೋಡೆಗೆ ಟೈಲ್ಸ್ ಬಂದಿದೆ, ಟೀವಿ ಬಂದಿದೆ. ಸೇದುವವರು ಹೊರಗೆ ಮೆಟ್ಟಿಲ ಕೆಳಗೆ ನಿಂತಿದ್ದರು. ಗಡಿಯಾರದ ಯಂತ್ರ ಎರಡು ಸಲ ಬದಲಾಗಿದೆಯಂತೆ, ಗಾಜು ಹಳೆಯದೇ. ಅದು ಹನ್ನೆರಡರಿಂದ ಏಳರವರೆಗೆ ಬಿಳಿ, ಏಳರಿಂದ ಹನ್ನೆರಡರವರೆಗೆ ಹಳದಿ.